ಬೀಜದ ಗುಂಡಿಯಿಂದ ಕೇಳಿದ ಗಿರಣಿ

ಹತ್ತಿ ಗಿರಣಿಗೆ ಕೆಲಸಕ್ಕೆ ಸೇರುವವರು ಮೊದಲು ಕಲಿಯಬೇಕಾದದ್ದು ಬೋಲ್ಟು ತಿರುವುವ ಪಾನಾ ಹಿಡಿಯುವುದನ್ನಲ್ಲ, ಸೀನುವುದನ್ನು. ಮೂಗಿಗೆ ಅರಳೆ ಹೋದರೆ ಮುಖವನ್ನು ಯಂತ್ರದಿಂದ ಪೂರ್ತಿ ತಿರುಗಿಸಬೇಕು, ಒಂದು ಹೆಜ್ಜೆ ಹಿಂದೆ ಸರಿಯಬೇಕು, ಆಮೇಲೆ ಸೀನಬೇಕು. ನಾನು ಮೊದಲ ದಿನವೇ ನಿಂತಲ್ಲಿ ಸೀನಿ ಯಂತ್ರದ ಕಬ್ಬಿಣದ ಅಂಚಿಗೆ ಹಣೆ ಜಜ್ಜಿಕೊಂಡೆ. ಗುರುತು ಇನ್ನೂ ಇದೆ. ಮೊಮ್ಮಕ್ಕಳು ಅದನ್ನು ಯಾವುದೋ ಹೋರಾಟದ ಗಾಯ ಎಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ನನ್ನೂರು ಬಳಿಚಕ್ರ. ದುಡಿದದ್ದೆಲ್ಲ ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆ ಪಕ್ಕದ ಒಂದು ಹಳೆಯ ಜಿನ್ನಿಂಗ್ ಗಿರಣಿಯಲ್ಲಿ. ಹೊಲದಿಂದ ಬಂದ ಹತ್ತಿಯಲ್ಲಿ ಬೀಜ ಬೇರೆ, ಅರಳೆ ಬೇರೆ ಮಾಡುವುದು ಅಲ್ಲಿನ ಕೆಲಸ. ಚರ್ಮದ ರೋಲರ್ ತಿರುಗುತ್ತಾ ಅರಳೆಯನ್ನು ಎಳೆದುಕೊಳ್ಳುತ್ತದೆ, ಅದಕ್ಕೆ ಒತ್ತಿ ನಿಂತ ಚಾಕು ಬೀಜವನ್ನು ತಡೆದು ಕೆಳಗಿನ ಗುಂಡಿಗೆ ಬೀಳಿಸುತ್ತದೆ. ಇಷ್ಟೇ. ಈ ಇಷ್ಟೇ ಎನ್ನುವುದರಲ್ಲಿ ನನ್ನ ನಲವತ್ತು ಹಂಗಾಮು ಕಳೆದುಹೋದವು. ದೀಪಾವಳಿ ಮುಗಿದ ಮೇಲೆ ಟ್ರ್ಯಾಕ್ಟರುಗಳು ಬರತೊಡಗಿದರೆ ಗಿರಣಿಯ ಗಾಳಿಯೇ ಬೆಳ್ಳಗಾಗುತ್ತಿತ್ತು. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಅರಳೆಯ ಎಳೆಗಳು ನೆಲ ಮುಟ್ಟುವ ಆತುರವೇ ಇಲ್ಲದೆ ತೇಲುತ್ತಿದ್ದವು. ಅಂಗಳಕ್ಕೆ ಬಂದರೆ ದೂರದಲ್ಲಿ ಬುದ್ಧ ಮಲಗಿದಂತೆ ಕಾಣುವ ಗುಡ್ಡ. ನಮ್ಮ ಹುಬ್ಬು, ಮೀಸೆ, ರೊಟ್ಟಿ, ಮಾತು ಎಲ್ಲದರ ಮೇಲೂ ಬಿಳಿ. ನಾನು ಎಚ್ಚರದಲ್ಲಿದ್ದೇನೋ ನಿದ್ದೆಯಲ್ಲಿದ್ದೇನೋ ಎಂದು ಎಷ್ಟೋ ಮಧ್ಯಾಹ್ನ ನನಗೇ ಗೊತ್ತಾಗುತ್ತಿರಲಿಲ್ಲ. ಹಗಲುಗನಸು ಕಾಣುವವನು ಎಂಬ ಹೆಸರು ನನಗೆ ಆಗಲೇ ಬಂದಿತ್ತು.

ನನಗೆ ಕೆಲಸ ಕಲಿಸಿದವರು ದಸ್ತಗಿರಿ ಉಸ್ತಾದರು. ಕಲಿಸಿದರು ಎಂದರೆ ಹನ್ನೆರಡು ವರ್ಷ ಕಾಯಿಸಿದರು. ಚಾಕನ್ನು ರೋಲರಿಗೆ ಎಷ್ಟು ಒತ್ತಿ ನಿಲ್ಲಿಸಬೇಕು ಎಂಬುದೇ ಫಿಟ್ಟರನ ವಿದ್ಯೆ. ಸಡಿಲವಾದರೆ ಬೀಜದಲ್ಲೇ ಅರಳೆ ಉಳಿಯುತ್ತದೆ, ಬಿಗಿಯಾದರೆ ಚರ್ಮ ಕಾದು ಸುಡುತ್ತದೆ. ಯಾವುದು ಎಷ್ಟು ಎಂದು ಯಂತ್ರಕ್ಕೆ ಕಿವಿ ಹಚ್ಚಿ ಸದ್ದಿನಲ್ಲೇ ತಿಳಿಯಬೇಕು. ಉಸ್ತಾದರು ಬೋಲ್ಟು ತಿರುವುವಾಗ ಹೆಗಲ ಮೇಲಿನ ಟವೆಲನ್ನು ತೆಗೆದು ಅದರ ಮೇಲೆ ಹೊದಿಸಿ, ಅಡಿಯಲ್ಲಿ ಕೈ ಹಾಕಿ ತಿರುವುತ್ತಿದ್ದರು. ಎಷ್ಟು ಸುತ್ತು, ಯಾವ ಕಡೆಗೆ, ಯಾರಿಗೂ ಕಾಣುತ್ತಿರಲಿಲ್ಲ. ನಮ್ಮ ಕಡೆಯ ಗಿರಣಿ ಫಿಟ್ಟರುಗಳೆಲ್ಲ ಹಾಗೆಯೇ. ಹನ್ನೆರಡನೆಯ ವರ್ಷ ಒಂದು ದಿನ ನನ್ನ ಕೈಯನ್ನೂ ಆ ಟವೆಲಿನಡಿಗೆ ಎಳೆದುಕೊಂಡರು.

“ಈಗ ಗೊತ್ತಾತಲ್ಲ ಬೇಟಾ. ಇನ್ನ ಯಾರಿಗೂ ತೋರಸಬ್ಯಾಡ. ಇದು ನಿನ್ನ ರೊಟ್ಟಿ. ಮಂದಿಗೆಲ್ಲ ತೋರಿಸಿದಿ ಅಂದ್ರ ಸಾವಕಾರ ನಾಳಿ ನಿನಗ ಹೊರಗ ಹಾಕ್ತಾನ.”

ಉಸ್ತಾದರು ಹೇಳಿದ್ದು ಸುಳ್ಳಲ್ಲ. ಗಿರಣಿಯ ಮಾಲೀಕರಾದ ಸಾವಕಾರರು ಕೆಟ್ಟ ಮನುಷ್ಯರಾಗಿರಲಿಲ್ಲ, ಹಬ್ಬಕ್ಕೆ ಎಲ್ಲರನ್ನೂ ಮಾತನಾಡಿಸುತ್ತಿದ್ದರು. ಆದರೆ ಬೇಡವಾದವನನ್ನು ಇಟ್ಟುಕೊಳ್ಳುವ ಅಭ್ಯಾಸ ಅವರ ವ್ಯಾಪಾರದಲ್ಲಿ ಇರಲಿಲ್ಲ. ಆದ್ದರಿಂದ ನಾವೆಲ್ಲ ಒಂದೊಂದು ಟವೆಲಿನಡಿ ಬದುಕುತ್ತಿದ್ದೆವು. ಅರಳೆಯನ್ನು ಒತ್ತಿ ಬೇಲು ಕಟ್ಟುವ ಪ್ರೆಸ್ಸಿನ ಯಂಕಪ್ಪನಿಗೂ ಒಂದು ಗುಟ್ಟಿತ್ತು, ಸಾವಕಾರರ ಪರವಾಗಿ ಕೆಲಸ ನೋಡಿಕೊಳ್ಳುವ ಮುನೀಮರಿಗೂ ಇತ್ತು. ಬೀಜದ ಗುಂಡಿಯಲ್ಲಿ ಕೂತು ಬುಟ್ಟಿ ತುಂಬುತ್ತಿದ್ದ ಹೆಂಗಸರಿಗೆ ಮಾತ್ರ ಯಾವ ಗುಟ್ಟೂ ಇಲ್ಲ ಎಂದು ನಾವು ತಿಳಿದಿದ್ದೆವು.

ಗುಂಡಿಯ ಹೆಂಗಸರಲ್ಲಿ ಹಳಬಳು ಶರಣಮ್ಮ. ಹದಿನಾರು ಹಂಗಾಮು ಯಂತ್ರದ ಕೆಳಗೆ ಕೂತವಳು. ಅವಳ ಬಗ್ಗೆ ಒಂದು ಪ್ರಸಂಗ ಹೇಳಲೇಬೇಕು. ಒಮ್ಮೆ ಕೊಂಕಲ್ ಕಡೆಯಿಂದ ಬಂದ ಹತ್ತಿಯಲ್ಲಿ ಯಾರದೋ ಕುಡುಗೋಲು ಸೇರಿಕೊಂಡಿತ್ತು. ಅಂದು ಶರಣಮ್ಮ ಮೇಲೆ ಹತ್ತಿ ಆರಿಸಲು ನಿಂತಿದ್ದಳು. ಹತ್ತಿಯನ್ನು ಯಂತ್ರಕ್ಕೆ ಸಾಗಿಸುವ ಪಟ್ಟಾದ ಮೇಲೆ ಅದರ ಹಿಡಿ ಅವಳ ಕಣ್ಣಿಗೆ ಬಿತ್ತು. ಆದರೆ ಯಂತ್ರ ನಿಲ್ಲಿಸುವ ಹಕ್ಕು ಮುನೀಮರದು ಮಾತ್ರ, ಸೀಟಿಯೂ ಅವರ ಕೊರಳಲ್ಲೇ. ಮುನೀಮರು ಚಹಾ ಕುಡಿಯಲು ಹೋಗಿದ್ದರು. ಶರಣಮ್ಮ ಕೂಗುತ್ತಾ ಅವರ ಹತ್ತಿರ ಓಡಿದಳು. ಅವರು ಬಟ್ಟಲು ಕೆಳಗಿಟ್ಟು ಸೀಟಿ ಬಾಯಿಗಿಡುವಷ್ಟರಲ್ಲಿ ಒಳಗೆ ಚಾಕು ಮುರಿದು ಎರಡು ತುಂಡಾಗಿತ್ತು. ಬೈಸಿಕೊಂಡವಳು ಶರಣಮ್ಮ. ಜಾಗ ಬಿಟ್ಟು ಓಡಿದ್ದಕ್ಕೆ!

ಸಮಾಜವಾದ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಆ ಕುಡುಗೋಲಿನ ಕಥೆ ಹೇಳುತ್ತೇನೆ. ಕಣ್ಣಿಗೆ ಬಿದ್ದದ್ದು ಒಬ್ಬರಿಗೆ, ನಿಲ್ಲಿಸುವ ಹಕ್ಕು ಇನ್ನೊಬ್ಬರಿಗೆ, ಲಾಭ ಮೂರನೆಯವರಿಗೆ, ಬೈಗುಳ ಮತ್ತೆ ಮೊದಲಿನವರಿಗೇ. ಇದನ್ನು ಸರಿಯಾದ ವ್ಯವಸ್ಥೆ ಎಂದು ದೊಡ್ಡ ದೊಡ್ಡವರು ಗಂಭೀರವಾಗಿ ಹೇಳುವಾಗ ನನಗೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ದುಡಿಯುವವರ ಕೈಗೆ ಗಿರಣಿ ಕೊಡಿ ಎನ್ನುವುದು ದಯೆಯ ಮಾತಲ್ಲ. ಯಂತ್ರದ ಹತ್ತಿರ ನಿಂತವರಿಗೆ ಯಂತ್ರದ ವಿಷಯ ಗೊತ್ತಿರುತ್ತದೆ ಎನ್ನುವ ಸಾದಾ ಮಾತು.

ಮುಂದೆ ಸಾವಕಾರರು ಬೇರೆ ಕಡೆ ಹೊಸ ಗಿರಣಿ ಕಟ್ಟಿದರು. ಅಲ್ಲಿ ಎಲ್ಲವೂ ತಾನೇ ನಡೆಯುತ್ತದಂತೆ. ನಮ್ಮ ಗಿರಣಿಗೆ ಬೀಗ ಬಿತ್ತು. ಒಂದು ಹಂಗಾಮು ಪೂರ್ತಿ ಅಂಗಳದಲ್ಲಿ ಮುಳ್ಳುಕಂಟಿ ಬೆಳೆಯಿತು. ಆಗ ಬೀಗದ ಮುಂದೆ ಕೂತು ಮೊದಲು ಆ ಮಾತು ತೆಗೆದವಳು ಶರಣಮ್ಮ.

“ಕೀಲಿ ಅವರತ್ರ ಅದ, ಖರೆ. ಆದ್ರ ಒಳಗ ಹೋಗಿ ನಡಸವ್ರು ನಾವೇ ಅಲ್ಲೇನ್ರಿ? ಅವರು ಒಂದು ದಿನಾನರ ನಡಸ್ಯಾರೇನು?”

ನಲವತ್ತು ಜನ ಸೇರಿ ಸಹಕಾರ ಸಂಘ ಮಾಡಿಕೊಂಡೆವು. ಸಾವಕಾರರು ಮೂರು ಹಂಗಾಮಿಗೆ ಗಿರಣಿಯನ್ನು ಲೀಜಿಗೆ ಕೊಟ್ಟರು. ಸಂಕ್ರಾಂತಿಯೊಳಗೆ ಇವರೇ ಬಂದು ಕೀಲಿ ಒಪ್ಪಿಸುತ್ತಾರೆ ಎಂಬ ಭರವಸೆ ಅವರಿಗೆ. ಕಾಗದದಲ್ಲಿ ಒಂದು ಷರತ್ತು ಹಾಕಿಸಿದರು: ಹಂಗಾಮಿನಲ್ಲಿ ಸತತ ಹದಿನೈದು ದಿನ ಯಂತ್ರ ನಿಂತರೆ ಲೀಜು ರದ್ದು, ಗಿರಣಿ ಮರಳಿ ಅವರಿಗೆ; ಹಾಗೆ ನಿಲ್ಲದೆ ಮೂರೂ ಹಂಗಾಮು ನಡೆದರೆ ಮುಂದಿನ ಲೀಜೂ ನಮಗೇ. ಯಂಕಪ್ಪ ಅದನ್ನು ಎರಡು ಸಲ ಓದಿದ. ನಿಲ್ಲಿಸಿದರೆ ತಾನೇ ಎಂದು ಎಲ್ಲರೂ ಹೆಬ್ಬೆಟ್ಟು, ಸಹಿ ಹಾಕಿದೆವು.

ಆ ಮೊದಲ ದಿನಗಳನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಮುನೀಮರ ಸೀಟಿಯ ಬದಲಿಗೆ ಗಿರಣಿಯ ಉದ್ದಕ್ಕೂ ಒಂದು ಹಗ್ಗ ಕಟ್ಟಿದೆವು. ಯಾರು ಜಗ್ಗಿದರೂ ಯಂತ್ರ ನಿಲ್ಲಬೇಕು, ಯಾಕೆ ಎಂದು ಆಮೇಲೆ ಕೇಳಬೇಕು. ಮೊದಲ ವಾರ ಹೆಂಗಸರು ಅದನ್ನು ಮುಟ್ಟಲೂ ಹೆದರಿದರು. ಎರಡನೆಯ ವಾರ ಒಬ್ಬಾಕೆ ಸೀರೆ ಸೆರಗು ಸಿಕ್ಕೀತೆಂದು ಜಗ್ಗಿದಳು. ಯಾರೂ ಬೈಯಲಿಲ್ಲ. ಅವಳು ಅಲ್ಲೇ ಕೂತು ಅತ್ತಳು. ಯಾಕೆ ಅತ್ತಳೆಂದು ನಾವು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಎಲ್ಲವೂ ಹಾಲು ಸಕ್ಕರೆ ಎಂದು ಹೇಳಿದರೆ ನೀವು ನಂಬಬಾರದು. ಸಭೆಗಳು ಮುಗಿಯುತ್ತಲೇ ಇರಲಿಲ್ಲ. ಗಿರಣಿಯಲ್ಲಿ ರೇಡಿಯೋ ಹಚ್ಚಬೇಕೋ ಬೇಡವೋ ಎಂದು ಒಂದಿಡೀ ರವಿವಾರ ಜಗಳವಾಡಿದೆವು. ಹಚ್ಚಬೇಕು ಎಂದು ತೀರ್ಮಾನವಾಯಿತು. ಮರುದಿನ ಯಂತ್ರ ಶುರುವಾದ ಮೇಲೆ ನೋಡಿದರೆ ಆ ಗದ್ದಲದಲ್ಲಿ ರೇಡಿಯೋ ಯಾರಿಗೂ ಕೇಳುತ್ತಲೇ ಇರಲಿಲ್ಲ.

ಬುತ್ತಿ ಬಿಚ್ಚುವ ಹೊತ್ತಿಗೆ ಅರಳೆಯ ರಾಶಿಗೆ ಬೆನ್ನು ಕೊಟ್ಟು ಕೂತು ನಾನು ಕನಸು ಕಾಣುತ್ತಿದ್ದೆ. ಯಾದಗಿರಿಯ ಬೇಳೆ ಮಿಲ್ಲುಗಳಲ್ಲಿ ಹೊಟ್ಟು ಕೇರುವ ಹೆಂಗಸರೇ ಕೂತು ಎಷ್ಟು ಹೊತ್ತು ದುಡಿಯಬೇಕು ಎಂದು ಠರಾಯಿಸುತ್ತಾರೆ. ಕಲ್ಲುಗಣಿಯಲ್ಲಿ ಕಲ್ಲು ಒಡೆಯುವವರೇ ಎಲ್ಲಿ ಕುಣಿ ತೋಡಬೇಕು ಎನ್ನುತ್ತಾರೆ. ಬಸ್ಸನ್ನು ಎಲ್ಲಿಗೆ ಬಿಡಬೇಕು ಎಂದು ಡ್ರೈವರು, ಕಂಡಕ್ಟರು, ಕೆಂಭಾವಿಯ ಸಂತೆಗೆ ಗಂಟು ಹೊತ್ತು ಕಾಯುವ ಮುದುಕಿ ಮೂವರೂ ಸೇರಿ ಮಾತಾಡುತ್ತಾರೆ. ಯಾರ ಕೊರಳಲ್ಲೂ ಸೀಟಿ ಇಲ್ಲ. ಹಗ್ಗ ಮಾತ್ರ ಉದ್ದಕ್ಕೂ, ಊರಿಂದ ಊರಿಗೆ, ಎಲ್ಲರ ಕೈಗೆ ಎಟಕುವಂತೆ. ಬಿಸಿಲಲ್ಲಿ ತೇಲುವ ಎಳೆಗಳ ನಡುವೆ ಆ ಹಗ್ಗ ನನಗೆ ಕಣ್ಣಿಗೆ ಕಂಡಷ್ಟು ನಿಜವಾಗಿ ಕಾಣುತ್ತಿತ್ತು.

ಇಷ್ಟೆಲ್ಲ ಕನಸು ಕಾಣುತ್ತಿದ್ದವನ ಹೆಗಲ ಮೇಲೆ ಟವೆಲು ಹಾಗೆಯೇ ಇತ್ತು. ಮುನೀಮರ ಸೀಟಿ ಹೋಯಿತು, ಸಾವಕಾರರ ಕುರ್ಚಿ ಹೋಯಿತು, ನನ್ನ ಟವೆಲು ಹೋಗಲಿಲ್ಲ. ಚಾಕು ಹೊಂದಿಸುವಾಗ ಆಗಲೂ ಹೊದಿಸಿಯೇ ತಿರುವುತ್ತಿದ್ದೆ. ನಾನು ಬರುವ ತನಕ ಗಿರಣಿ ಕಾಯುತ್ತಿತ್ತು. ಅದು ನನಗೆ ಹಿತವಾಗಿಯೂ ಇತ್ತು. ಸಾವಕಾರರು ಬಿಟ್ಟುಹೋದ ಜಾಗದಲ್ಲಿ ನಾನು ಮೆಲ್ಲಗೆ ಕೂರುತ್ತಿದ್ದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಎರಡನೆಯ ಹಂಗಾಮಿನಲ್ಲಿ ನಾನು ಕೆಂಭಾವಿಗೆ ಒಂದು ಮದುವೆಗೆ ಹೋಗಿ ಎರಡು ದಿನ ಉಳಿದೆ. ಅಷ್ಟರಲ್ಲಿ ಅಕಾಲ ಮಳೆ ಹನಿದು ಬಂದ ಹತ್ತಿಯೆಲ್ಲ ತೇವವಾಗಿತ್ತು. ಮರಳಿ ಬಂದು ನೋಡಿದರೆ ಗಿರಣಿ ಏನೂ ಆಗದಂತೆ ನಡೆಯುತ್ತಿದೆ. ನನಗೆ ಸಂತೋಷವಾಗಬೇಕಿತ್ತು. ನೆಟ್ಟಗೆ ಯಂತ್ರದ ಹತ್ತಿರ ಹೋಗಿ ಬೋಲ್ಟು ನೋಡಿದೆ, ಯಾರೋ ತಿರುವಿದ್ದರು.

“ಚಾಕು ಯಾರು ಮುಟ್ಯಾರ?” ಎಂದೆ.

ಯಂಕಪ್ಪ ಪ್ರೆಸ್ಸಿನ ಹತ್ತಿರದಿಂದ ಹೇಳಿದ: “ಶರಣಮ್ಮ ಹೊಂದಿಸ್ಯಾಳ ಮಲ್ಲಣ್ಣ. ಹತ್ತಿ ಹಸಿ ಅದ, ಸ್ವಲ್ಪ ಸಡಿಲ ಬಿಡಬೇಕು ಅಂದಳು. ಛಲೋ ನಡದದ ನೋಡು.”

ಶರಣಮ್ಮ ಗುಂಡಿಯಿಂದ ತಲೆ ಎತ್ತಿ ನೋಡಿದಳು. ಮುಖದ ತುಂಬ ಅರಳೆ. ಅವಳ ಕಣ್ಣಲ್ಲಿ ಮೆಚ್ಚುಗೆಗೆ ಕಾಯುವ ಒಂದು ಸಣ್ಣ ಬೆಳಕಿತ್ತು. ಅದನ್ನು ನಾನು ನೋಡಿದೆ. ನೋಡಿಯೂ ಹೇಳಿದೆ: “ಬೀಜ ಬಳಿಯಾಕಿಗಿ ಚಾಕಿನ ಉಸಾಬರಿ ಯಾಕ ಬೇಕಾಗಿತ್ತು?”

ಯಂತ್ರ ನಿಲ್ಲಿಸಿದೆ. ಟವೆಲು ಹೊದಿಸಿದೆ. ಉಸ್ತಾದರು ಕಲಿಸಿದ ಅಳತೆಗೆ, ಒಂದು ಎಳೆ ಹೆಚ್ಚೇ, ಬಿಗಿದೆ. ಅವಳು ಮಾಡಿದ್ದು ತಪ್ಪು ಎಂದು ಎಲ್ಲರಿಗೂ ತೋರಬೇಕಿತ್ತು. ತೇವದ ಅರಳೆ ಚಾಕಿಗೂ ರೋಲರಿಗೂ ನಡುವೆ ಅಂಟಿ ಗಂಟಾಯಿತು. ಮಧ್ಯಾಹ್ನದ ಹೊತ್ತಿಗೆ ಚರ್ಮ ಸುಟ್ಟ ವಾಸನೆ ಬಂತು. ನನ್ನ ಮೂಗಿಗೆ ಅದು ಎಲ್ಲರಿಗಿಂತ ಮೊದಲು ಬಂದಿತ್ತು. ಒಪ್ಪಿಕೊಳ್ಳಲು ಮನಸ್ಸಾಗದೆ ನಾಲ್ಕು ನಿಮಿಷ ಸುಮ್ಮನೆ ನಿಂತೆ. ಹಗ್ಗ ಜಗ್ಗಿದವಳು ಗುಂಡಿಯಿಂದ ಎದ್ದು ಓಡಿಬಂದ ಶರಣಮ್ಮ. ಅಷ್ಟರಲ್ಲಿ ಬೆಂಕಿ ಅರಳೆ ಹಿಡಿದು ಪಟ್ಟಾಗಳಿಗೆ ಹತ್ತಿತ್ತು. ನಮ್ಮದು ಹಳೆಯ ಗಿರಣಿ, ಆರೂ ಯಂತ್ರಗಳು ಒಂದೇ ಶಾಫ್ಟಿಗೆ ಪಟ್ಟಾ ಕಟ್ಟಿಕೊಂಡು ತಿರುಗುವಂಥವು. ಮರಳು ಎರಚಿ, ಒದ್ದೆ ಗೋಣಿ ಬಡಿದು ಆರಿಸಿದೆವು. ಯಾರಿಗೂ ಏನೂ ಆಗಲಿಲ್ಲ ಎನ್ನುವುದೊಂದೇ ನೆಮ್ಮದಿ. ಪಟ್ಟಾ, ಚರ್ಮ ಎಲ್ಲ ದೂರದಿಂದ ಬರಬೇಕು. ಗಿರಣಿ ನಿಂತಿತು.

ನಿಂತ ಗಿರಣಿಯ ಮೌನ ಬಹಳ ಕೆಟ್ಟದ್ದು. ದಿನ ಎಣಿಸುತ್ತಾ ಕೂತೆವು. ಒಂಬತ್ತು, ಹತ್ತು, ಹನ್ನೊಂದು. ಹದಿನೈದಾದರೆ ಎಲ್ಲವೂ ಹೋಯಿತು. ನಲವತ್ತು ಜನರ ಗಿರಣಿಯನ್ನು ನಾನು ಒಂದು ಟವೆಲಿನಡಿ ಸುಟ್ಟಿದ್ದೆ. ಹದಿಮೂರನೆಯ ದಿನ ಯಂತ್ರ ಮತ್ತೆ ತಿರುಗಿತು. ಅಂದು ಸಂಜೆ ಸಭೆ ಸೇರಿತು, ನನ್ನ ವಿಷಯಕ್ಕೆ.

ಸಾವಕಾರರ ಕಾಲವಾಗಿದ್ದರೆ ನನ್ನನ್ನು ಅಂದೇ ಓಡಿಸುತ್ತಿದ್ದರು. ಓಡಿಸುತ್ತಾರೆಂದೇ ನಾನು ಪಾನಾಗಳನ್ನು ಒರೆಸಿ ಗೋಣಿಯಲ್ಲಿ ಸುತ್ತಿಟ್ಟಿದ್ದೆ. ತಲೆ ಎತ್ತದೆ ನಡೆದದ್ದನ್ನೆಲ್ಲ ಹೇಳಿದೆ, ವಾಸನೆ ಮೊದಲೇ ಬಂದದ್ದನ್ನೂ ಹೇಳಿದೆ.

“ಏನು ಶಿಕ್ಷಾ ಕೊಡೋಣು?” ಎಂದ ಯಂಕಪ್ಪ.

ಶರಣಮ್ಮ ಎದ್ದು ನಿಂತಳು. “ಶಿಕ್ಷಾ ಗಿಕ್ಷಾ ಬ್ಯಾಡ್ರಿ. ಮಲ್ಲಣ್ಣ ಟವಲ್ ತಗೀಲಿ. ಮಂದಿ ಮುಂದ ತಿರುವಲಿ, ಎಲ್ಲಾರೂ ನೋಡಲಿ. ಮತ್ತ ಪಾಳಿ ಮ್ಯಾಲ ಗುಂಡ್ಯಾಗೂ ಕೂಡಲಿ. ಬರೇ ಮಲ್ಲಣ್ಣ ಅಲ್ಲ, ಎಲ್ಲಾರೂ ಕೂಡಬೇಕು.”

ಕೈ ಎತ್ತಿ ಎಲ್ಲರೂ ಒಪ್ಪಿದರು. ನಾನೂ ಎತ್ತಿದೆ. ಟವೆಲು ತೆಗೆಯುವುದು ನೌಕರಿ ಬಿಡುವುದಕ್ಕಿಂತ ಕಷ್ಟವಾಗಿತ್ತು. ಉಸ್ತಾದರ ಗೋರಿಗೆ ಹೋಗಿ ಹೇಳಿ ಬಂದೆ. ಅವರು ಬೈದಿರಬಹುದು, ನನಗೆ ಕೇಳಿಸಲಿಲ್ಲ.

ನನ್ನ ಪಾಳಿ ಬಂದ ದಿನ ಬುಟ್ಟಿ ಹಿಡಿದು ಗುಂಡಿಗಿಳಿದೆ. ಮೂವತ್ತೆಂಟು ವರ್ಷ ಆ ಯಂತ್ರದ ಮೇಲೆ ಬಾಗಿದವನು, ಒಮ್ಮೆಯೂ ಅದರ ಕೆಳಗೆ ಕೂತಿರಲಿಲ್ಲ. ಮೇಲಿನ ಗದ್ದಲ ಅಲ್ಲಿಗೆ ಅರ್ಧವೂ ಇಳಿಯುತ್ತಿರಲಿಲ್ಲ. ಮಬ್ಬುಗತ್ತಲು, ಎಣ್ಣೆಯ ವಾಸನೆ, ತಲೆಯ ಮೇಲಿಂದ ಬೀಜ ಬೀಳುವ ಸಣ್ಣ ಮಳೆಯಂಥ ಸದ್ದು. ಶರಣಮ್ಮ ಬಗ್ಗಿ ಒಂದು ಹಿಡಿ ಬೀಜ ನನ್ನ ಅಂಗೈಗೆ ಹಾಕಿದಳು.

“ನೋಡು ಅಣ್ಣಾ. ಬೀಜಕ್ಕ ಕೂದ್ಲ ಉಳದಾವಂದ್ರ ಚಾಕು ಸಡಿಲ. ಬೀಜ ಒಡದದ ಅಂದ್ರ ಬಿಗಿ. ಬೆಚ್ಚಗ ಹತ್ತಿದ್ರ ರೋಲರ್ ಸುಡಾಕತ್ತದ. ನೀ ಮ್ಯಾಲ ಕಿವಿ ಹಚ್ಚಿ ಕೇಳೂದ್ರಾಗ ಇಲ್ಲಿ ನಮಗ ಗೊತ್ತಾಗಿರ್ತದ.”

“ಹದಿನಾರು ವರ್ಷದಿಂದ ಗೊತ್ತಿತ್ತೇನವ್ವ ನಿನಗ?”

“ಗೊತ್ತಿತ್ತು.”

“ಮತ್ತ ಹೇಳಲಿಲ್ಲ?”

“ಯಾರು ಕೇಳಿದ್ರು?” ಎಂದು ನಕ್ಕಳು.

ಬೀಜ ಬೀಳುತ್ತಲೇ ಇತ್ತು. ನಾನು ಕಣ್ಣು ಮುಚ್ಚಿ ಕೂತೆ. ನಾನು ಹನ್ನೆರಡು ವರ್ಷ ಕಾದು ಪಡೆದ ಗುಟ್ಟು ಇಲ್ಲಿ ಬುಟ್ಟಿಗಟ್ಟಲೆ ಬಿದ್ದಿತ್ತು. ಮಾಲೀಕನಿಗೆ ಅದು ಇಲ್ಲಿದೆ ಎಂದು ಗೊತ್ತಿರಲಿಲ್ಲ, ಉಸ್ತಾದರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಎಲ್ಲರಿಗಿಂತ ಕೆಳಗೆ ಕೂತವಳಿಗೆ ಗೊತ್ತಿತ್ತು. ನನ್ನ ಮೇಲೆಯೇ ನನಗೆ ನಾಚಿಕೆಯಾಯಿತು, ಜೊತೆಗೆ ಹೇಳಲಾಗದ ಸುಖವೂ ಆಯಿತು. ಆಮೇಲೆ ಅವಳ ಬೀಜ, ನನ್ನ ಕಿವಿ ಎರಡನ್ನೂ ಸೇರಿಸಿ ಎಲ್ಲರಿಗೂ ಕಲಿಸಿದೆವು. ಹನ್ನೆರಡು ವರ್ಷದ ವಿದ್ಯೆ ಒಂದು ಹಂಗಾಮಿನಲ್ಲಿ ಬಂತು. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಈಗಲೂ ನಾನು ಹೇಳುವುದು ಇದನ್ನೇ: ಮೊದಲ ವಾರ ಗುಂಡಿಯಲ್ಲಿ ಕೂತುಕೊಳ್ಳಿ, ಪಾನಾ ಆಮೇಲೆ ಮುಟ್ಟಿ.

ಮೂರನೆಯ ಹಂಗಾಮು ಲೀಜಿನ ಕೊನೆಯದು. ನನಗೂ ಅದೇ ಕೊನೆ, ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಹತ್ತಿ ಭರ್ತಿ ಬರುತ್ತಿದ್ದ ಕಾಲ, ಒಂದು ಬೆಳಿಗ್ಗೆ ಸಾವಕಾರರ ಕಾರು ಬಂದು ಅಂಗಳದಲ್ಲಿ ನಿಂತಿತು. ನನ್ನನ್ನು ಬೇವಿನ ಮರದಡಿ ಕರೆದು ಹೆಗಲ ಮೇಲೆ ಕೈ ಇಟ್ಟರು. ಆ ಕೈ ಅಷ್ಟು ವರ್ಷಗಳಲ್ಲಿ ಅಂದೇ ಮೊದಲು ಅಲ್ಲಿಗೆ ಬಂದದ್ದು.

“ಮಲ್ಲಣ್ಣ, ನನ್ನ ಹೊಸ ಗಿರಣಿಗಿ ಬಂದುಬಿಡು. ಹೆಡ್ ಫಿಟ್ಟರ್ ಮಾಡ್ತೀನಿ, ಇರಾಕ ಖೋಲಿ ಕೊಡ್ತೀನಿ. ಕುಂತು ಹೇಳಿದ್ರ ಸಾಕು, ಮೊಣಕಾಲು ಬಗ್ಗಿಸೂದು ಬ್ಯಾಡ. ಆದ್ರ ನಾಳಿನೇ ಬರಬೇಕು.”

ನಾಳೆಯೇ ಯಾಕೆಂದು ನನಗೆ ತಿಳಿಯಿತು. ಫಿಟ್ಟರ್ ಹೋದರೆ ಚಾಕು ನಿಲ್ಲುತ್ತದೆ, ಚಾಕು ನಿಂತರೆ ಗಿರಣಿ, ಹದಿನೈದು ದಿನ ಕಾದರೆ ಲೀಜು. ಒಂದು ವರ್ಷ ಮುಂಚೆ ಕರೆದಿದ್ದರೆ ನಾನು ಹೋಗುತ್ತಿದ್ದೆನೇನೋ. ಬರೆದು ಒಪ್ಪಿಕೊಳ್ಳುತ್ತಿದ್ದೇನೆ, ಯಾರೂ ನನ್ನನ್ನು ದೊಡ್ಡವನೆಂದು ತಿಳಿಯಬಾರದು.

“ನಾ ಬಂದ್ರೂ ಇದು ನಿಲ್ಲಂಗಿಲ್ರಿ ಸಾವಕಾರ್ರ” ಎಂದೆ. “ಒಳಗ ಬಂದು ನೋಡ್ರಿ.”

ಬಂದರು. ಒಂದು ಕೈ ನನ್ನ ಹೆಗಲ ಮೇಲೇ ಇಟ್ಟು, ಬಾಗಿಲಲ್ಲಿ ನಿಂತು ಇನ್ನೊಂದರಿಂದ ಅರಳೆಗೆ ಮೂಗು ಮುಚ್ಚಿಕೊಂಡರು. ಎರಡನೆಯ ಯಂತ್ರದ ಮುಂದೆ ಶರಣಮ್ಮ ಪಾನಾ ಹಿಡಿದು ಬಾಗಿದ್ದಳು. ಗುಂಡಿಯಿಂದ ಯಂಕಪ್ಪ ಬೀಜದ ಅಂಗೈ ಎತ್ತಿ ತೋರಿಸುತ್ತಿದ್ದ. ಅವಳು ನೋಡಿ ಕಾಲು ಸುತ್ತು ಹಿಂದಕ್ಕೆ ತಿರುವಿದಳು. ಬೋಲ್ಟಿನ ಮೇಲೆ ಬಿಸಿಲು ಬಿದ್ದಿತ್ತು.

“ಚಾಕು ಹೊಂದಸಾಕ ಎಷ್ಟು ಮಂದಿಗಿ ಬರ್ತದ?” ಎಂದರು ಸಾವಕಾರರು.

“ಹನ್ನೊಂದು ಮಂದಿಗಿ ಬರ್ತದ್ರಿ. ಉಳದವ್ರು ಕಲಿಯಾಕತ್ಯಾರ.”

ಸಾವಕಾರರು ನನ್ನ ಹೆಗಲ ಮೇಲಿನ ಕೈ ತೆಗೆದರು. ಸಿಟ್ಟಿನಿಂದಲ್ಲ, ಸಂತೆಯಲ್ಲಿ ಬದನೆಕಾಯಿ ನೋಡಿ ಕೆಳಗಿಡುವ ಹಾಗೆ.

“ಹಂಗಾದ್ರ ನಿನ್ನ ಕರಕೊಂಡು ಹೋಗಿ ನಾ ಏನ್ ಮಾಡ್ಲೋ?”

ಮನಸ್ಸಿಗೆ ನೋವಾಯಿತು, ಇಲ್ಲ ಎನ್ನಲಾರೆ. ನಲವತ್ತು ಹಂಗಾಮಿನ ಮನುಷ್ಯ ನಾನು. ಅವರು ತಿರುಗಿ ಕಾರಿನತ್ತ ನಡೆದರು. ಗಿರಣಿ ತಾನಾಗಿ ನಿಲ್ಲುವುದಿಲ್ಲ ಎಂದು ಗೊತ್ತಾದ ಮೇಲೆ ಕಾಗದದ ಷರತ್ತಿನ ಪ್ರಕಾರ ಅವರಿಗೆ ಬೇರೆ ದಾರಿ ಇರಲಿಲ್ಲ, ಮುಂದಿನ ಲೀಜಿಗೆ ಆ ವಾರವೇ ಸಹಿ ಹಾಕಿಕೊಟ್ಟರು. ನಾನು ಬಾಗಿಲಲ್ಲಿ ಬರಿಗೈಯಲ್ಲಿ ನಿಂತಿದ್ದೆ. ಮಾರಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

“ಮಲ್ಲಣ್ಣ, ಮಾತು ಮುಗೀತೇನು?” ಶರಣಮ್ಮ ಒಳಗಿನಿಂದ ಕೂಗಿದಳು. “ಯಂಕಪ್ಪನ ಪಾಳಿ ಆತು. ಇನ್ನ ಗುಂಡಿ ನಿಂದದ, ಲಗೂನ ಬಾ.”

ಯಂಕಪ್ಪ ಗುಂಡಿಯಿಂದ ಎದ್ದು ಬುಟ್ಟಿಯನ್ನು ನನ್ನ ಕೈಗೆ ಕೊಟ್ಟ. ನಾನಿಲ್ಲದೆಯೂ ನಡೆಯುವ ಗಿರಣಿಯಲ್ಲಿ ನನಗೊಂದು ಪಾಳಿ ಇತ್ತು.